ಬೇಲಿಗಳಿಲ್ಲದ ಓಕ್‌ಬ್ಯಾಂಕ್

ದಕ್ಷಿಣ ಆಸ್ಟ್ರೇಲಿಯದ ರಾಜಧಾನಿಯಾದ ಅಡಿಲೇಡಿನ ಮೂಡಣ ಬೆಟ್ಟಸಾಲಿನ ನಡುವೆ, ಓಂಕಪರಿಂಗ ನದಿಯ ಕಣಿವೆಯಲ್ಲಿ, ಓಕ್‌ಬ್ಯಾಂಕ್ ಎಂಬ ಪುಟ್ಟ ಊರೊಂದುಂಟು. ವರ್ಷದ ಉಳಿದ ದಿನಗಳಲ್ಲಿ ಯಾರ ಬಾಯಲ್ಲೂ ಹೆಸರು ಬಾರದ ಈ ಊರು ಈಸ್ಟರ್ ಹಬ್ಬದ ಶನಿವಾರ ಮತ್ತು ಸೋಮವಾರಗಳಂದು ಮಾತ್ರ ಜಾತ್ರೆಯ ಕಳೆಯನ್ನು ತಾಳುತ್ತಿತ್ತು. ಪಟ್ಟಣದಿಂದ ಸಂಸಾರಸಮೇತರಾಗಿ ಬಂದ ಸಹಸ್ರಾರು ಜನರು ಗುಡ್ಡದ ಇಳಿಜಾರಿನಲ್ಲಿ ಕಂಬಳಿ ಹಾಸಿ, ಬುತ್ತಿ ಬಿಚ್ಚಿ, ಮಕ್ಕಳನ್ನು ಆಡಲು ಬಿಟ್ಟು, ಕುದುರೆಗಳು ಬೇಲಿಗಳನ್ನೂ ಮೈದಾನದ ನಡುವೆ ಉರುಳಿಬಿದ್ದಿದ್ದ ಪ್ರಸಿದ್ಧವಾದ ಮರದ ದಿಮ್ಮಿಯನ್ನೂ ಹಾರಿ ಓಡುವುದನ್ನು ನೋಡಲು ಕಾದು ಕುಳಿತಿರುತ್ತಿದ್ದರು. ‘ಗ್ರೇಟ್ ಈಸ್ಟರ್ನ್ ಸ್ಟೀಪಲ್‌ಚೇಸ್’ ಎಂಬ ಆ ಲಂಘನಸ್ಪರ್ಧೆ 1876ರಲ್ಲಿ ಆರಂಭವಾಯಿತು, 2021ರಲ್ಲಿ ಮುಗಿಯಿತು.

ಈ ಆಟದ ಮೂಲವನ್ನು ಐರ್ಲೆಂಡಿನಲ್ಲಿ ಹೇಳುವುದು ವಾಡಿಕೆ. 1752ರಲ್ಲಿ ಇಬ್ಬರು ಗೃಹಸ್ಥರು ಪಂಥ ಕಟ್ಟಿ, ಒಂದೂರಿನ ಇಗರ್ಜಿಯ ಗೋಪುರದಿಂದ ಮತ್ತೊಂದೂರಿನ ಇಗರ್ಜಿಯ ಗೋಪುರದವರೆಗೆ, ನಡುವೆ ಸಿಕ್ಕ ಗೋಡೆ ಹಳ್ಳಗಳನ್ನೆಲ್ಲ ಹಾರಿ ಕುದುರೆ ಓಡಿಸಿದರಂತೆ. ‘ಸ್ಟೀಪಲ್’ ಎಂಬ ಹೆಸರು ಬಂದುದು ಆ ಗೋಪುರಗಳಿಂದ. ವಲಸಿಗರ ಸಂಗಡ ಈ ಚಟ ಆಸ್ಟ್ರೇಲಿಯಕ್ಕೂ ದಾಟಿತು. ಅಶ್ವಾರೋಹಣವೇ ಬದುಕಾಗಿದ್ದ ಆ ನಾಡಿನಲ್ಲಿ, ಭಾರತದ ಆಂಗ್ಲ ಅಶ್ವದಳಗಳಿಗೆ ‘ವೇಲರ್’ ಎಂಬ ಹೆಸರಿನ ಕುದುರೆಗಳನ್ನು ಹಡಗು ಹಡಗಾಗಿ ಕಳುಹಿಸುತ್ತಿದ್ದ ಆ ನಾಡಿನಲ್ಲಿ, ಅದು ಬೇರೂರಲು ತಡವಾಗಲಿಲ್ಲ. ಅಡಿಲೇಡಿಗೆ 1853ರಲ್ಲಿ ಬಂದಿಳಿದು, ಕುದುರೆ ಪೋಲೀಸನಾಗಿ, ಕುದುರೆ ಪಳಗಿಸುವವನಾಗಿ, ಕಡೆಗೆ ಕವಿಯಾಗಿ ಹೆಸರಾದ ಆಡಮ್ ಲಿಂಡ್ಸೆ ಗಾರ್ಡನ್ 1864ರಲ್ಲಿ ಮೌಂಟ್ ಗ್ಯಾಂಬಿಯರಿನ ನೀಲಿ ಸರೋವರದ ಕಡಿದಾದ ಅಂಚಿನಲ್ಲಿ ಕುದುರೆಯನ್ನು ಬೇಲಿ ಹಾರಿಸಿದನೆಂದು ಅಲ್ಲಿ ಇಂದಿಗೂ ಸ್ಮಾರಕಸ್ತಂಭವೊಂದು ನಿಂತಿದೆ. ಕವಿಯ ಕೀರ್ತಿಯನ್ನು ಕಾವ್ಯದಿಂದಲ್ಲದೆ ಕುದುರೆಯ ನೆಗೆತದಿಂದಲೂ ಅಳೆಯುವ ಸಮಾಜವೊಂದರಲ್ಲಿ ಈ ಆಟಕ್ಕೆ ಎಂತಹ ಗೌರವವಿದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆಟದ ಹಿಂದೆ ಒಂದು ಜೀವನೋಪಾಯವೂ ಇದ್ದಿತು. ಸಮತಲದ ಓಟದಲ್ಲಿ ವೇಗ ಸಾಲದೆ ಹಿಂದುಳಿದ ಕುದುರೆಗೆ ಬೇಲಿಯ ಓಟವು ಎರಡನೆಯ ಬಾಳನ್ನು ಕೊಡುತ್ತಿತ್ತು. ಮೈ ಬೆಳೆದು ತೂಕ ಏರಿ, ಸಮತಲದ ಓಟದ ಕಟ್ಟುಪಾಡಿಗೆ ಇನ್ನು ಇಳಿಯಲಾರೆನೆಂದು ಹತಾಶನಾದ ಸವಾರನಿಗೂ ಹಾಗೆಯೇ. ಮನೆಯ ಹಿಂದಿನ ಲಾಯದಲ್ಲಿ ಎರಡೋ ಮೂರೋ ಕುದುರೆಗಳನ್ನು ಸಾಕಿ, ಹಾಲು ಕರೆದು ಮುಗಿಸಿದ ಮೇಲೆ ಅವಕ್ಕೆ ನೆಗೆತ ಕಲಿಸುವ ರೈತನಿಗೆ, ದೊಡ್ಡ ಧನಿಕರ ಕುದುರೆಗಳೊಡನೆ ಸಮವಾಗಿ ನಿಲ್ಲಲು ಇದೊಂದೇ ಕಣವಾಗಿದ್ದಿತು. ದೂರವನ್ನಳೆದು ಕುದುರೆಯ ಹೆಜ್ಜೆಯನ್ನು ಬೇಲಿಗೆ ಹೊಂದಿಸುವ ವಿದ್ಯೆ ಪುಸ್ತಕದಿಂದ ಬರತಕ್ಕದ್ದಲ್ಲ. ತಂದೆಯ ಪಕ್ಕದಲ್ಲಿ ನಿಂತು ಮಗನು ಕಲಿಯತಕ್ಕದ್ದು.

ಆದರೆ ಈ ವಿದ್ಯೆಗೆ ತೆತ್ತ ಬೆಲೆಯನ್ನು ಮರೆಮಾಚುವುದು ಇತಿಹಾಸಕ್ಕೆ ದ್ರೋಹವಾದೀತು. ಬಿದ್ದು ಕಾಲು ಮುರಿದ ಕುದುರೆಯ ಸುತ್ತ ಹಸಿರು ಪರದೆ ಹಿಡಿದು, ಅದರ ಮರೆಯಲ್ಲಿ ಅದನ್ನು ಕೊನೆಗಾಣಿಸುವ ದೃಶ್ಯ ಹಬ್ಬದ ಬುತ್ತಿಯೊಡನೆ ಹೊಂದುವುದಾದರೂ ಎಂತು? ಪ್ರಾಣಿದಯೆಯವರ ಧ್ವನಿ ವರ್ಷ ವರ್ಷಕ್ಕೂ ಏರಿತು. 1991ರಲ್ಲಿ ಆಸ್ಟ್ರೇಲಿಯದ ಸೆನೆಟಿನ ಸಮಿತಿಯೇ ಈ ಸ್ಪರ್ಧೆಗಳನ್ನು ಕ್ರಮೇಣ ನಿಲ್ಲಿಸಬೇಕೆಂದು ಸೂಚಿಸಿತು. 1997ರಲ್ಲಿ ನ್ಯೂ ಸೌತ್ ವೇಲ್ಸ್ ನಿಷೇಧಿಸಿತು. 2007ರಲ್ಲಿ ಟಾಸ್ಮೇನಿಯ ಕೈಬಿಟ್ಟಿತು. ಒಂದೊಂದು ರಾಜ್ಯ ಬಾಗಿಲು ಹಾಕಿದಂತೆಲ್ಲ, ಉಳಿದ ರಾಜ್ಯಗಳಲ್ಲಿ ಓಡಲು ಬರುವ ಕುದುರೆಗಳೂ ಕಲಿಸುವ ಕೈಗಳೂ ಕಡಮೆಯಾದವು. ಈ ಕಸುಬಿಗೆ ನಿಷೇಧದ ನಿಜವಾದ ಪೆಟ್ಟು ಬಿದ್ದುದು ಹೀಗೆ. ಪಕ್ಕದ ಮನೆಯಲ್ಲಿ ದೀಪ ಆರಿದೊಡನೆ ನಮ್ಮ ಬೀದಿಯೂ ಕತ್ತಲಾಗುವ ಹಾಗೆ.

ಓಕ್‌ಬ್ಯಾಂಕಿನಲ್ಲಿ ಆದುದೂ ಇದೇ. 2021ರ ಅಕ್ಟೋಬರಿನಲ್ಲಿ ರಾಜ್ಯದ ಕುದುರೆ ಓಟದ ಆಡಳಿತ ಸಂಸ್ಥೆ, ಕುದುರೆಗಳೂ ತರಬೇತುದಾರರೂ ವಿರಳವಾದುದನ್ನು ಮುಂದಿಟ್ಟು, ಬರುವ ವರ್ಷದಿಂದ ಲಂಘನಸ್ಪರ್ಧೆ ಇಲ್ಲವೆಂದು ಸಾರಿತು. ಶಾಸನಸಭೆಯ ನಿಷೇಧ ಬಂದುದು ಅನಂತರ, 2022ರಲ್ಲಿ. ಎಂದರೆ, ಉಸಿರು ನಿಂತ ಮೇಲೆ ಮರಣಪತ್ರ ಬಂದಂತಾಯಿತು. ಬೇಲಿಯ ಓಟವನ್ನೇ ನೆಚ್ಚಿದವರಿಗೆ ಗಡಿ ದಾಟಿ ವಿಕ್ಟೋರಿಯಕ್ಕೆ ಹೋಗುವುದೊಂದೇ ಮಾರ್ಗವುಳಿಯಿತು.

ಅದೇ ವಿಕ್ಟೋರಿಯದ ಕಡಲತೀರದ ವಾರ್ನಂಬೂಲ್ ಪಟ್ಟಣದ ಕಥೆ ಬೇರೆ. ಅಲ್ಲಿನ ‘ಗ್ರ್ಯಾಂಡ್ ಆ್ಯನ್ಯುಯಲ್’ 1872ರಷ್ಟು ಹಳೆಯದು. ಸುಮಾರು ಐದೂವರೆ ಕಿಲೋಮೀಟರಿನ ಹಾದಿಯಲ್ಲಿ ಕುದುರೆಗಳು 33 ಅಡೆತಡೆಗಳನ್ನು ದಾಟುತ್ತವೆ, ಮೈದಾನವನ್ನು ಬಿಟ್ಟು ರಸ್ತೆಯನ್ನಡ್ಡಹಾಯ್ದು ಪಕ್ಕದ ಗುಡ್ಡವನ್ನೂ ಏರಿಳಿಯುತ್ತವೆ. 2009ರ ನವೆಂಬರಿನಲ್ಲಿ ಆ ರಾಜ್ಯದ ಓಟದ ಸಂಸ್ಥೆಯೂ 2010ರ ಋತುವಿನ ತರುವಾಯ ಈ ಸ್ಪರ್ಧೆಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿತ್ತು. ಮೇ ತಿಂಗಳ ಮೂರು ದಿನದ ಆ ಕೂಟವೇ ವರ್ಷದ ಹಬ್ಬವಾಗಿದ್ದ ಊರು ಸುಮ್ಮನಿರಲಿಲ್ಲ; ಲಾಯದವರೂ ಅಂಗಡಿ ವಸತಿಗೃಹಗಳವರೂ ಒಂದಾಗಿ ಮೊರೆಯಿಟ್ಟರು. ಸುರಕ್ಷತೆಯ ಷರತ್ತುಗಳೊಡನೆ ಆಟ ಉಳಿಯಿತು. ಲಾಯಗಳು ತುಂಬಿದ್ದುದರಿಂದಲೇ ಅವರ ಮೊರೆಗೆ ಬಲ ಬಂದಿತು. ಆದರೂ ಬೇಲಿಗೆ ಬಿದ್ದು ಕುದುರೆ ಸಾಯುವುದು ಅಲ್ಲಿಯೂ ನಿಂತಿಲ್ಲ, ಅದರೊಡನೆ ಏಳುವ ಪ್ರಶ್ನೆಯೂ ನಿಂತಿಲ್ಲ.

ಈ ಎರಡು ಊರುಗಳನ್ನು ತಕ್ಕಡಿಯಲ್ಲಿಟ್ಟು ತೂಗಿದರೆ ನನಗೆ ತೋರುವುದಿಷ್ಟು. ಮೂಕಪ್ರಾಣಿಯ ಸಾವನ್ನು ಮನುಷ್ಯನ ಸಂಭ್ರಮಕ್ಕೆ ಬಲಿಯೆಂದು ಒಪ್ಪದ ಮನಸ್ಸು ಬೆಳೆದುದು ಯುಕ್ತವೇ. ಆದರೆ ಆ ಮನಸ್ಸು ಶಾಸನವಾಗಿ ಮೂಡುವಾಗ, ಅದರಿಂದ ಅನ್ನ ಕಳೆದುಕೊಂಡವನ ಹೆಸರು ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ. ಕುದುರೆಯ ಲೆಕ್ಕವನ್ನು ಅಷ್ಟು ಸೂಕ್ಷ್ಮವಾಗಿ ಇಟ್ಟವರು ಸವಾರನ, ಸಯಿಸನ, ಲಾಳ ಕಟ್ಟುವವನ ಲೆಕ್ಕವನ್ನೂ ಇಡಬೇಕಾಗಿತ್ತು. ಓಕ್‌ಬ್ಯಾಂಕಿನಲ್ಲಿ ಈಸ್ಟರಿನ ಕೂಟ ನಿಂತಿಲ್ಲ, ಕುದುರೆಗಳೂ ಓಡುತ್ತವೆ. ಆದರೆ ಒಂದೂ ಬೇಲಿಯನ್ನು ಹಾರುವುದಿಲ್ಲ.