ಎದೆಹಾಲಿನ ಕ್ಯಾಲೊರಿ, ಬಾಣಂತಿಯ ತೂಕ: ಒಂದು ಲೆಕ್ಕದ ಮರುಪರಿಶೀಲನೆ

ಎದೆಹಾಲು ಕುಡಿಸುವ ತಾಯಿಗೆ ದಿನಕ್ಕೆ 500 ಕ್ಯಾಲೊರಿ ಖರ್ಚಾಗುತ್ತದೆ, ಹಾಗಾಗಿ ಬಸಿರಿನಲ್ಲಿ ಏರಿದ ತೂಕ ತಾನಾಗಿಯೇ ಇಳಿಯುತ್ತದೆ ಎಂಬ ಮಾತು ಇಂದು ಎಲ್ಲೆಡೆ ಚಾಲ್ತಿಯಲ್ಲಿದೆ. ಖರ್ಚಾಗುವುದು ನಿಜ. ತೂಕದ ಇಳಿಕೆ ಮಾತ್ರ ಅದರಿಂದ ನೇರವಾಗಿ ಹೊರಡುವುದಿಲ್ಲ. 500 ಎಂಬ ಅಂಕಿ ಹುಟ್ಟಿದ್ದು ಬಾಣಂತಿ ಎಷ್ಟು ಹೆಚ್ಚು ಉಣ್ಣಬೇಕು ಎಂದು ಹೇಳುವುದಕ್ಕೆ. ಅದನ್ನೇ ತೂಕ ಇಳಿಸುವ ಅಂಕಿಯೆಂದು ಓದಿಕೊಂಡದ್ದು ಆಮೇಲಿನವರು. ಈ ತಪ್ಪು ಓದು ಎಲ್ಲಿಂದ ಶುರುವಾಗುತ್ತದೆ, ಅದರಿಂದ ಯಾರಿಗೆ ತೊಂದರೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. (ಇಲ್ಲಿ ಕ್ಯಾಲೊರಿ ಎಂದಲ್ಲೆಲ್ಲ, ರೂಢಿಯಂತೆ, ಕಿಲೊಕ್ಯಾಲೊರಿ ಎಂದೇ ಅರ್ಥ.)

ಅಂಕಿಯ ಲೆಕ್ಕದಿಂದ ಆರಂಭಿಸೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ ಜಂಟಿಯಾಗಿ ಕರೆದಿದ್ದ ತಜ್ಞರ ಸಮಿತಿ 2001ರಲ್ಲಿ ರೋಮ್‌ನಲ್ಲಿ ಸೇರಿತು. ಅದರ ವರದಿ 2004ರಲ್ಲಿ ಪ್ರಕಟವಾಯಿತು. ಅವರ ಲೆಕ್ಕ ಸರಳ. ಮೊದಲ ಆರು ತಿಂಗಳು ಎದೆಹಾಲನ್ನೇ ಕುಡಿಯುವ ಮಗುವಿಗೆ ತಾಯಿಯಿಂದ ದಿನಕ್ಕೆ ಸರಾಸರಿ 807 ಗ್ರಾಂ ಹಾಲು ಸಿಗುತ್ತದೆ. ಗ್ರಾಂಗೆ 0.67 ಕ್ಯಾಲೊರಿಯಂತೆ ಹಾಲಿನೊಡನೆ ಹೊರಹೋಗುವುದು ಸುಮಾರು 540 ಕ್ಯಾಲೊರಿ. ಹಾಲು ತಯಾರಾಗುವಾಗ ಒಂದಿಷ್ಟು ಶಕ್ತಿ ವ್ಯಯವಾಗುತ್ತದೆ, ದಕ್ಷತೆ ಶೇ. 80 ಎಂದಿಟ್ಟುಕೊಂಡರೆ ಒಟ್ಟು ಖರ್ಚು 675 ಕ್ಯಾಲೊರಿ. ಇನ್ನು ಮುಂದಿನದು ಮುಖ್ಯ. ಪುಷ್ಟಿಯಾಗಿರುವ ತಾಯಿ ಬಸಿರಿನಲ್ಲಿ ಕೂಡಿಟ್ಟ ಕೊಬ್ಬಿನಿಂದ ದಿನಕ್ಕೆ 170 ಕ್ಯಾಲೊರಿ ಒದಗಿಸಿಕೊಳ್ಳುತ್ತಾಳೆ, ಅಂದರೆ ತಿಂಗಳಿಗೆ ಸರಾಸರಿ 0.8 ಕಿಲೊ ಇಳಿಯುತ್ತಾಳೆ ಎಂದು ಸಮಿತಿ ಗ್ರಹಿಸಿತು. ಇದನ್ನು ಕಳೆದರೆ ಉಳಿಯುವುದು 505. ಹೀಗೆ ಜನಜನಿತವಾದ ಐನೂರು, ತೂಕದ ಇಳಿಕೆಯನ್ನು ಆಗಲೇ ಕಳೆದುಹಾಕಿದ ಮೇಲೆ ಊಟದಿಂದ ಬರಬೇಕಾದ ಪಾಲು. ಅದನ್ನೇ ಮತ್ತೆ ತೂಕದ ಖಾತೆಗೆ ಬರೆದರೆ ಏನಾಗುತ್ತದೆ ನೋಡಿ: ದಿನಕ್ಕೆ 505ರಂತೆ ಆರು ತಿಂಗಳು, ಕಿಲೊ ಕೊಬ್ಬಿಗೆ ರೂಢಿಯ 7,700 ಕ್ಯಾಲೊರಿ ಹಿಡಿದರೆ ಹನ್ನೊಂದು ಕಿಲೊಗೂ ಮೀರಿದ ಇಳಿಕೆ! ಸಮಿತಿಯ ಸ್ವಂತ ಅಂದಾಜು ಐದು ಕಿಲೊವನ್ನೂ ಮುಟ್ಟುವುದಿಲ್ಲ.

807 ಗ್ರಾಂ ಎಂಬಂಥ ಅಂಕಿಯ ಹಿಂದಿನ ದುಡಿಮೆ ಕಡಿಮೆಯದಲ್ಲ. ಹಳೆಯ ವಿಧಾನದಲ್ಲಿ ಹಗಲು ರಾತ್ರಿ ಎನ್ನದೆ ಪ್ರತಿ ಸಲ ಮೊಲೆಯೂಡುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮಗುವನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಬೇಕು. ನಡುವೆ ಲಂಗೋಟಿ ಬದಲಿಸುವಂತಿಲ್ಲ. ಹೊಸ ವಿಧಾನದಲ್ಲಿ ತಾಯಿಗೆ 30 ಗ್ರಾಂ ಭಾರಜಲ (ಡ್ಯೂಟೀರಿಯಂ ಇರುವ ನೀರು) ಕುಡಿಸಿ, ಎರಡು ವಾರ ತಾಯಿ ಮಗು ಇಬ್ಬರ ಜೊಲ್ಲನ್ನೂ ಹತ್ತಿಯಲ್ಲಿ ಹೀರಿಸಿ ತೆಗೆದು, ತಾಯಿಯ ಮೈಯ ಡ್ಯೂಟೀರಿಯಂ ಎಷ್ಟು ಮಗುವಿನ ಮೈಗೆ ಸೇರಿತು ಎಂದು ಅಳೆಯುತ್ತಾರೆ. ಎಷ್ಟು ಹಾಲು ಇಳಿಯಿತು ಎನ್ನುವುದು ಇವತ್ತು ಚೆನ್ನಾಗಿ ಗೊತ್ತಾಗುವ ಸಂಗತಿ. ಆ ಹಾಲಿನ ಬೆಲೆಯನ್ನು ಮೈ ಎಲ್ಲಿಂದ ತೆತ್ತಿತು ಎನ್ನುವುದೇ ಜಿಗುಟಾದ ಪ್ರಶ್ನೆ.

ತೆರಲು ಮೂರು ದಾರಿಗಳಿವೆ: ಹೆಚ್ಚು ಉಣ್ಣುವುದು, ಕಡಿಮೆ ಓಡಾಡುವುದು, ಕೂಡಿಟ್ಟ ಕೊಬ್ಬನ್ನು ಕರಗಿಸುವುದು. ಕೇಂಬ್ರಿಜ್‌ನಲ್ಲಿ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಾಯಂದಿರು ಹೆಚ್ಚಾಗಿ ಮೊದಲ ಎರಡು ದಾರಿಗಳನ್ನೇ ಹಿಡಿದಿದ್ದರು. 1986ರಲ್ಲಿ ಇಲಿಂಗ್‌ವರ್ತ್ ಮತ್ತು ಸಂಗಡಿಗರು ಇನ್ನೊಂದು ಜಾಡು ತೋರಿಸಿದರು: ಹಾಲೂಡುವ ಕಾಲದಲ್ಲಿ, ಊಟವಾದ ಮೇಲೆ ಮೈ ಸುಡುವ ಶಕ್ತಿಯೇ ತಗ್ಗುತ್ತದೆ. ಮೈ ಜಿಪುಣತನ ಕಲಿಯುತ್ತದೆ ಅನ್ನಬಹುದು. ಹಾಲು ತರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಏರಿದಾಗ ಹಸಿವೂ ಏರುತ್ತದೆ. ಹಾಲು ಕುಡಿಸಿ ಎದ್ದ ಬಾಣಂತಿಗೆ ಹೊಟ್ಟೆ ಚುರುಗುಟ್ಟುವುದು ಮನೆಮನೆಯ ಅನುಭವ. ಕೊಬ್ಬಿನ ವಿಷಯದಲ್ಲಿ ಕುತೂಹಲದ ಅಂಶವೊಂದಿದೆ. ಬಸಿರಿನಲ್ಲಿ ತೊಡೆಯ ಭಾಗದ ಕೊಬ್ಬು ಬೀಗ ಹಾಕಿಟ್ಟಂತೆ ಕರಗದೆ ಕೂತಿದ್ದು, ಹಾಲೂಡುವಾಗ ಮಾತ್ರ ಸಲೀಸಾಗಿ ಬಿಡುಗಡೆಯಾಗುತ್ತದೆ ಎಂದು ಸ್ವೀಡನ್ನಿನ ಸಂಶೋಧಕರು 1985ರಲ್ಲಿ ತೋರಿಸಿದರು. ಆದರೆ ಬೀಗ ತೆರೆದ ಮಾತ್ರಕ್ಕೆ ಉಗ್ರಾಣ ಖಾಲಿಯಾಗುವುದಿಲ್ಲ. ಮೇಲಿಂದ ತುಂಬುವುದೂ ನಿಲ್ಲಬೇಕು.

ತುಂಬುವ ಬಗೆಗೆ ನಮ್ಮ ಬಾಣಂತನಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಉತ್ತರ ಕರ್ನಾಟಕದ ಅಂಟಿನುಂಡಿಯನ್ನು ತೆಗೆದುಕೊಳ್ಳಿ. ತುಪ್ಪದಲ್ಲಿ ಹುರಿದ ಅಂಟು, ಕೊಬ್ಬರಿ, ಬೆಲ್ಲ, ಗೋಡಂಬಿ, ಬಾದಾಮಿ: ಸುಮಾರು 50 ಗ್ರಾಮಿನ ಒಂದು ಉಂಡಿಯಲ್ಲಿ 10 ಗ್ರಾಂ ತುಪ್ಪವೇ 90 ಕ್ಯಾಲೊರಿ, 15 ಗ್ರಾಂ ಕೊಬ್ಬರಿ ಇನ್ನೊಂದು ನೂರರಷ್ಟು, ಎಲ್ಲ ಕೂಡಿದರೆ ಮುನ್ನೂರರ ಆಸುಪಾಸು. ಬೆಳಿಗ್ಗೆ ಒಂದು, ಸಂಜೆ ಒಂದು ತಿಂದರೆ ಊಟದಿಂದ ಬರಬೇಕಾದ ಐನೂರರ ಲೆಕ್ಕ ಅಲ್ಲಿಗೇ ಚುಕ್ತಾ. ಮೇಲೆ ಬಿಸಿ ಅನ್ನಕ್ಕೆ ತುಪ್ಪ, ತವರಿನಲ್ಲಿ ತಿಂಗಳುಗಟ್ಟಲೆ ವಿಶ್ರಾಂತಿ. ಇದನ್ನು ಅಜ್ಞಾನವೆಂದು ತಳ್ಳಿಹಾಕುವ ನಗರದ ಪೋಷಣಾ ಸಲಹೆಗಾರರ ಧಾಟಿ ನನಗೆ ಒಪ್ಪಿಗೆಯಿಲ್ಲ. ಬಾಣಂತನ ಮುಗಿದೊಡನೆ ಹೊಲದ ಕೆಲಸಕ್ಕೆ, ಅರೆಹೊಟ್ಟೆಯ ಸಂಸಾರಕ್ಕೆ ಮರಳಬೇಕಿದ್ದ ಹೆಣ್ಣಿಗೆ ಅದು ಸರಿಯಾದ ಪಥ್ಯವೇ ಆಗಿತ್ತು. ಉಂಡಿ ಬದಲಾಗಿಲ್ಲ, ಅದನ್ನು ತಿಂದವಳು ಮರಳಿ ಹೋಗುವ ಜಾಗ ಬದಲಾಗಿದೆ.

ಹಾಗಾದರೆ ಎದೆಹಾಲೂಡುವುದರಿಂದ ತೂಕಕ್ಕೆ ಏನೂ ಆಗುವುದಿಲ್ಲವೇ? ಆಗುತ್ತದೆ, ಪ್ರಮಾಣ ಚಿಕ್ಕದು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಕ್ಯಾಥರಿನ್ ಡ್ಯೂಯಿ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವರ್ಷಪೂರ್ತಿ ಹಾಲೂಡಿದವರು ಮೊದಲ ತಿಂಗಳಿನಿಂದ ಹನ್ನೆರಡನೆಯ ತಿಂಗಳೊಳಗೆ ಸರಾಸರಿ 4.4 ಕಿಲೊ ಇಳಿದರೆ, ಬೇಗನೆ ಪುಡಿಹಾಲಿಗೆ ಹೋದವರು 2.4 ಕಿಲೊ ಇಳಿದರು. ವರ್ಷಕ್ಕೆ ಎರಡು ಕಿಲೊ ಅಂತರ. ಈ ಬಗೆಯ ಹೋಲಿಕೆಗೆ ಒಂದು ತೊಡಕೂ ಇದೆ: ಹಾಲೂಡುವವರು ಯಾರು, ಬಿಡುವವರು ಯಾರು ಎನ್ನುವುದು ಚೀಟಿ ಎತ್ತಿ ನಿರ್ಧಾರವಾದದ್ದಲ್ಲ. ಹೆರಿಗೆಯ ಮೊದಲ ದಿನಗಳಲ್ಲಿ ಮಗು ಚೀಪಿದಾಗ ಹೊಮ್ಮಬೇಕಾದ ಪ್ರೊಲ್ಯಾಕ್ಟಿನ್ ತೂಕ ಹೆಚ್ಚಿರುವ ತಾಯಂದಿರಲ್ಲಿ ಕಡಿಮೆ ಎಂದು ರಾಸ್‌ಮುಸೆನ್ ಮತ್ತು ಕ್ಯೋಲ್‌ಹೆಡೆ 2004ರಲ್ಲಿ ತೋರಿಸಿದ್ದಾರೆ. ಎಂದಮೇಲೆ ಹಾಲು ನಿಂತದ್ದರಿಂದ ತೂಕ ಉಳಿಯಿತೋ, ತೂಕ ಇದ್ದದ್ದರಿಂದ ಹಾಲು ನಿಂತಿತೋ?

ಈ ಗೋಜಲನ್ನು ಬಿಡಿಸಲು ನಮಗಿರುವ ದೊಡ್ಡ ಸಾಧನ ಬೆಲಾರುಸ್‌ನ ಪ್ರಾಬಿಟ್ ಪ್ರಯೋಗ. ಮೈಕೆಲ್ ಕ್ರೇಮರ್ ನೇತೃತ್ವದಲ್ಲಿ 31 ಹೆರಿಗೆ ಆಸ್ಪತ್ರೆಗಳನ್ನು ಎದೆಹಾಲೂಡಲು ವಿಶೇಷ ಪ್ರೋತ್ಸಾಹ ಕೊಡುವವು, ಎಂದಿನಂತೆ ನಡೆಯುವವು ಎಂದು ಯಾದೃಚ್ಛಿಕವಾಗಿ ವಿಂಗಡಿಸಿ, 17,046 ತಾಯಿ-ಮಕ್ಕಳನ್ನು ಸೇರಿಸಿಕೊಂಡರು. ಪ್ರೋತ್ಸಾಹ ಸಿಕ್ಕ ಕಡೆ ಮೂರನೆಯ ತಿಂಗಳಲ್ಲಿ ಎದೆಹಾಲನ್ನಷ್ಟೇ ಕುಡಿಸುತ್ತಿದ್ದವರು ಶೇ. 43, ಉಳಿದ ಕಡೆ ಶೇ. 6ರಷ್ಟು. ಅಂತರ ಇಷ್ಟಿದ್ದರೂ ಹನ್ನೊಂದೂವರೆ ವರ್ಷದ ಬಳಿಕ ತಾಯಂದಿರ ಮೈಕೊಬ್ಬಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಎಂದು 2013ರ ವರದಿ ಹೇಳುತ್ತದೆ. ಎರಡೂ ಗುಂಪಿನವರು ಆರಂಭದಲ್ಲಿ ಹಾಲೂಡಿದವರೇ ಆದ್ದರಿಂದ ಇದು ಕಡೆಯ ತೀರ್ಪಲ್ಲ. ಆದರೂ ಉಬ್ಬಿಸಿ ಹೇಳಿದ ಭರವಸೆಗಳಿಗೆ ಇದಕ್ಕಿಂತ ಗಟ್ಟಿ ತಡೆ ಬೇರೆ ಇಲ್ಲ.

ತೂಕ ಇಳಿಸಲೇಬೇಕಾದವರಿಗೆ ದಾರಿ ಇದೆ. ಬರೀ ವ್ಯಾಯಾಮ ಸಾಲದು: ಡ್ಯೂಯಿ ತಂಡದ 1994ರ ಪ್ರಯೋಗದಲ್ಲಿ ವಾರಕ್ಕೆ ಐದು ದಿನ ಬೆವರಿಳಿಸಿದವರ ಹಾಲು ಕುಂದಲಿಲ್ಲ, ತೂಕವೂ ಹೆಚ್ಚಾಗಿ ಇಳಿಯಲಿಲ್ಲ, ಸುಟ್ಟದ್ದನ್ನು ಉಂಡು ಸರಿದೂಗಿಸಿದ್ದರು. ಲವ್‌ಲೇಡಿ ಮತ್ತು ಸಂಗಡಿಗರ 2000ದ ಪ್ರಯೋಗದಲ್ಲಿ, ತೂಕ ಹೆಚ್ಚಿದ್ದ 40 ಬಾಣಂತಿಯರ ಪೈಕಿ ಒಂದು ಗುಂಪು ಹೆರಿಗೆಯಾದ ನಾಲ್ಕನೆಯ ವಾರದಿಂದ ವ್ಯಾಯಾಮದ ಜೊತೆಗೆ ಊಟದಲ್ಲೂ ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿತು. ವಾರಕ್ಕೆ ಅರ್ಧ ಕಿಲೊ ಇಳಿಯಿತು, ಮಕ್ಕಳ ಬೆಳವಣಿಗೆಗೆ ಧಕ್ಕೆಯಾಗಲಿಲ್ಲ.

ಇದೇ ಸಲಹೆಯನ್ನು ಎಲ್ಲರಿಗೂ ಕೊಡುವಂತಿಲ್ಲ. ರೋಮ್ ಸಮಿತಿಯೇ ಕೃಶ ತಾಯಂದಿರಿಗೆ 170 ಕಳೆಯದೆ ಪೂರ್ತಿ 675 ಕ್ಯಾಲೊರಿಯೂ ಊಟದಿಂದಲೇ ಬರಬೇಕೆಂದಿತು. ಗ್ಯಾಂಬಿಯಾದ ಕೆನೆಬಾ ಹಳ್ಳಿಯಲ್ಲಿ ತಾಯಂದಿರಿಗೆ ಪೂರಕ ಆಹಾರ ಕೊಟ್ಟರೂ ಹಾಲಿನ ಪ್ರಮಾಣ ಹೆಚ್ಚಲಿಲ್ಲ. ಅರೆಹೊಟ್ಟೆಯಲ್ಲೂ ಹಾಲು ಅದಾಗಲೇ ತನ್ನ ಮಟ್ಟದಲ್ಲಿತ್ತು. ಬಡ ಭಾರತೀಯ ತಾಯಂದಿರ ಹಾಲಿನ ಬಗ್ಗೆ ಸಿ. ಗೋಪಾಲನ್ 1950ರ ದಶಕದಲ್ಲಿ ನಡೆಸಿದ ಅಧ್ಯಯನಗಳ ಸಾರವೂ ಇದಕ್ಕೆ ಹತ್ತಿರದ್ದೇ. ಮಗು ದುಂಡಗಿರುವಾಗ ತಾಯಿ ಸೊರಗುವುದು ಯಾರ ಕಣ್ಣಿಗೂ ಬೀಳದಿರಲು ಇದೇ ಕಾರಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಶಿಫಾರಸಿನಲ್ಲಿ ಮೊದಲ ಆರು ತಿಂಗಳಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚುವರಿ ಎಂದು ಇಟ್ಟಿದೆ. ಅಂಗನವಾಡಿಯಲ್ಲಿ ಬಾಣಂತಿಗೆ ಬಿಸಿಯೂಟ ಬಡಿಸುವ ಕರ್ನಾಟಕದ ಮಾತೃಪೂರ್ಣ ಯೋಜನೆಯೂ (2017) ಈ ಕೊರತೆ ತುಂಬಲೆಂದೇ ಬಂದದ್ದು.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಮಹಿಳೆಯರಲ್ಲಿ ಶೇ. 17.2 ಮಂದಿಯ ತೂಕ ಇರಬೇಕಾದ್ದಕ್ಕಿಂತ ಕಡಿಮೆ, ಶೇ. 30.1 ಮಂದಿಯದು ಹೆಚ್ಚು. ಒಂದೇ ಅಂಗನವಾಡಿಯ ಪಂಕ್ತಿಯಲ್ಲಿ ಇಬ್ಬರೂ ಕೂತಿರಬಹುದು. ಹಾಲೂಡಿದರೆ ಸಣ್ಣಗಾಗುತ್ತೀಯಾ ಎಂಬ ಮಾತು ಒಬ್ಬಳಿಗೆ ಈಡೇರದ ಆಸೆ, ಇನ್ನೊಬ್ಬಳಿಗೆ ಇರುವ ಕಸುವನ್ನೂ ಕಳೆದುಕೊಳ್ಳುವ ಅಪಾಯ. ತಾಯಿ ಕಾರ್ಡಿನಲ್ಲಿ ಗರ್ಭಿಣಿಯ ತೂಕ ಬರೆಯುವ ಪದ್ಧತಿ ಇದೆ. ಹೆರಿಗೆಯಾದ ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು, ಮಗುವಿಗೆ ಲಸಿಕೆ ಹಾಕಿಸಲು ಹೇಗೂ ಬರುವ ತಾಯಿಯನ್ನೂ ಅದೇ ದಿನ ತಕ್ಕಡಿಯ ಮೇಲೆ ನಿಲ್ಲಿಸಿದರೆ, ಯಾವ ಬಾಣಂತಿಗೆ ಯಾವ ಸಲಹೆ ಎಂಬುದನ್ನು ನಮ್ಮದೇ ಅಂಕಿಗಳಿಂದ ನಿರ್ಧರಿಸಬಹುದು.