ಬಿಲಿಯರ್ಡ್ಸ್ ಕೋಲಿನ ಶಾಫ್ಟು: ಮರವೂ ಹಸ್ತಸ್ಪರ್ಶವೂ

ಬಿಲಿಯರ್ಡ್ಸ್, ಪೂಲ್, ಸ್ನೂಕರ್ ಎಂಬ ಮೇಜಿನ ಆಟಗಳಲ್ಲಿ ಚೆಂಡನ್ನು ಹೊಡೆಯಲು ಉಪಯೋಗಿಸುವ ಕೋಲಿಗೆ ಕ್ಯೂ ಎಂದು ಹೆಸರು. ಈ ಶಬ್ದವು 'ಬಾಲ' ಎಂಬರ್ಥವುಳ್ಳ ಫ್ರೆಂಚ್ ಶಬ್ದದಿಂದ ಬಂದುದು. ಒಂದು ಉಪಕರಣಕ್ಕೆ ಬಾಲವೆಂಬ ಹೆಸರು ಬರಬೇಕಾದರೆ ಮೊದಲು ಅದಕ್ಕೆ ತಲೆಯೊಂದು ಇದ್ದಿರಬೇಕಷ್ಟೆ. ಪೂರ್ವಕಾಲದಲ್ಲಿ ಚೆಂಡನ್ನು ಹೊಡೆಯುತ್ತಿದ್ದುದು ಕೋಲಿನ ಮೊನೆಯಿಂದಲ್ಲ. ಅಗಲವಾದ ತಲೆಯುಳ್ಳ ಮೇಸ್ ಎಂಬ ದಂಡದಿಂದ ಅದನ್ನು ತಳ್ಳುತ್ತಿದ್ದರು. ಕ್ರಿ. ಶ. 1674ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಕಾಟನ್ ಎಂಬಾತನು ಬರೆದ ಕ್ರೀಡಾಗ್ರಂಥದಲ್ಲಿ ಈ ದಂಡವನ್ನು ಭಾರವಾದ ಮರದಿಂದ ಮಾಡಿ, ಅದರ ಅಗಲವಾದ ತುದಿಗೆ ದಂತವನ್ನು ಜೋಡಿಸಬೇಕೆಂದು ಹೇಳಿದೆ. ಚೆಂಡು ಮೇಜಿನ ಅಂಚಿಗೆ ಅಂಟಿಕೊಂಡು ನಿಂತಾಗ ದಂಡದ ತಲೆಯು ಅಲ್ಲಿಗೆ ಹಿಡಿಸುತ್ತಿರಲಿಲ್ಲ. ಆಗ ಆಟಗಾರರು ದಂಡವನ್ನು ತಿರುಗಿಸಿ ಅದರ ಬಾಲದಿಂದ ಹೊಡೆಯುತ್ತಿದ್ದರು. ಕಾಲಕ್ರಮದಲ್ಲಿ ತಲೆಯು ಲೋಪವಾಗಿ ಬಾಲವೇ ಉಳಿಯಿತು. ಎಳಸಾದ ಆಟಗಾರರು ಮೊನೆಯಿಂದ ಮೇಜಿನ ಬಟ್ಟೆಯನ್ನು ಹರಿದಾರೆಂಬ ಭಯದಿಂದ ಅವರಿಗೂ, ಸ್ತ್ರೀಯರಿಗೂ ಮೇಸನ್ನೇ ಕೊಡುವ ಪದ್ಧತಿಯು ಮಾತ್ರ ಬಹುಕಾಲ ನಡೆದು ಬಂದಿತು.

ಈ ಕೋಲಿನ ಮುಂಭಾಗಕ್ಕೆ ಶಾಫ್ಟು ಎಂದೂ, ಕೈಯಲ್ಲಿ ಹಿಡಿಯುವ ಹಿಂಭಾಗಕ್ಕೆ ಬುಡವೆಂದೂ ಹೇಳಬಹುದು. ಯಾವ ಶಾಫ್ಟು ಉತ್ತಮವೆಂಬ ವಿಷಯದಲ್ಲಿ ಬಹುಕಾಲದಿಂದ ವಾದವು ನಡೆಯುತ್ತ ಬಂದಿದೆ. ಹೊಡೆತದ ಗುಣವು ಮರದಲ್ಲಿಯೇ ಇದೆಯೆಂದೂ, ಅದನ್ನು ಕೈಯು ಮುಟ್ಟಿದೊಡನೆ ತಿಳಿಯುತ್ತದೆಂದೂ ಒಂದು ಪಕ್ಷ. ಸ್ಪರ್ಶವೆಂಬುದು ಮನಸ್ಸಿನ ಕಲ್ಪನೆ, ಅಳತೆಗೆ ಸಿಕ್ಕುವುದು ಮಾತ್ರವೇ ನಿಜವೆಂದು ಇನ್ನೊಂದು ಪಕ್ಷ. ಇದು ಕೇವಲ ಆಟಗಾರರ ಹರಟೆಯಲ್ಲ. ಮೊದಲನೆಯ ಪಕ್ಷವು ಪೂರ್ತಿಯಾಗಿ ಸುಳ್ಳಾದರೆ ಮರವನ್ನು ಆರಿಸಿ, ಹದಮಾಡಿ, ಕಡೆದು ಕೊಡುವ ಕುಶಲಕರ್ಮಿಗಳ ತಲೆತಲಾಂತರದ ಅನುಭವವು ನಿಷ್ಪ್ರಯೋಜಕವೆಂದು ಒಪ್ಪಬೇಕಾಗುತ್ತದೆ. ಆದುದರಿಂದ ಚರಿತ್ರೆಯ ಮುಖಾಂತರ ಇದನ್ನು ಪರಿಶೀಲಿಸುವುದು ಯುಕ್ತವಾಗಿದೆ.

ಹತ್ತೊಂಬತ್ತನೆಯ ಶತಮಾನದ ಆದಿಯವರೆಗೆ ಕೋಲಿನ ತುದಿಯು ಬರಿಯ ಮರವಾಗಿತ್ತು. ಅಂಥ ತುದಿಯಿಂದ ಚೆಂಡಿನ ನಡುವನ್ನು ಬಿಟ್ಟು ಹೊಡೆದರೆ ಕೋಲು ಜಾರುವುದು. ಚೆಂಡಿನ ಕೆಳಭಾಗವನ್ನು ಮುಟ್ಟುವುದಕ್ಕಾಗಿ ಕೆಲವರು ತುದಿಯನ್ನು ಓರೆಯಾಗಿ ಕತ್ತರಿಸಿಕೊಳ್ಳುತ್ತಿದ್ದರು. ಇಂತಿರಲು 1807ರ ಸುಮಾರಿಗೆ ಫ್ರಾನ್ಸಿನ ಸೇನಾಧಿಕಾರಿಯಾದ ಮಿಂಗೋ ಎಂಬಾತನು ತುದಿಗೆ ಚರ್ಮದ ಬಿಲ್ಲೆಯನ್ನು ಅಂಟಿಸುವ ಕ್ರಮವನ್ನು ಬಳಕೆಗೆ ತಂದನೆಂದು ಪ್ರಸಿದ್ಧಿಯಿದೆ. ಈತನು ರಾಜಕೀಯ ಕಾರಣಗಳಿಂದ ಸೆರೆಯಲ್ಲಿದ್ದಾಗ ಅಲ್ಲಿಯ ಮೇಜಿನ ಮೇಲೆ ಅಭ್ಯಾಸಮಾಡಿದನೆಂದೂ, ಅಭ್ಯಾಸವು ಮುಗಿಯಲಿಲ್ಲವೆಂದು ಬಿಡುಗಡೆಯನ್ನೇ ಮುಂದಕ್ಕೆ ಹಾಕಬೇಕೆಂದು ಬೇಡಿದನೆಂದೂ ಕಥೆಯುಂಟು. ಕಥೆಯ ಉತ್ತರಾರ್ಧವನ್ನು ನಂಬುವುದು ಕಷ್ಟ. ಆತನ ಗ್ರಂಥವು 1827ರಲ್ಲಿ ಪ್ರಕಟವಾದುದೂ, ಲಂಡನ್ನಿನ ಮೇಜು ತಯಾರಕನಾದ ಜಾನ್ ಥರ್ಸ್ಟನ್ನನು 1830ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದುದೂ ನಿಶ್ಚಿತವಾದ ವಿಷಯಗಳು. ಅದೇ ಕಾಲದಲ್ಲಿ ಬಾತ್ ನಗರದ ಜಾನ್ ಕಾರ್ ಎಂಬಾತನು ತುದಿಗೆ ಸೀಮೆಸುಣ್ಣದ ಪುಡಿಯನ್ನು ಬಳಿದು ಚೆಂಡಿಗೆ ಪಕ್ಕದ ತಿರುಗನ್ನು ಕೊಟ್ಟು ನೋಡುವವರನ್ನು ಬೆರಗುಗೊಳಿಸಿದನು. ಆ ಸಾಮಾನ್ಯ ಪುಡಿಯನ್ನೇ ಮಂತ್ರಚೂರ್ಣವೆಂಬಂತೆ ಡಬ್ಬಿಗಳಲ್ಲಿ ಮಾರಿದನು. ಶಾಫ್ಟಿನ ಗುಣಾವಗುಣಗಳ ಪ್ರಶ್ನೆಯು ಹುಟ್ಟಿದ್ದು ವಾಸ್ತವವಾಗಿ ಈ ಚರ್ಮ, ಈ ಸುಣ್ಣಗಳಿಂದಲೇ. ನಡುವಿಗೆ ಮಾತ್ರ ಹೊಡೆಯುವವನಿಗೆ ಎಂಥ ಕೋಲಾದರೂ ಸಾಲುವುದು.

ಮರಗಳಲ್ಲಿ ಎರಡು ಮುಖ್ಯವಾದುವು. ಇಂಗ್ಲೆಂಡಿನ ಪರಂಪರೆಯಲ್ಲಿ ಆ್ಯಶ್ ಮರವೂ, ಅಮೆರಿಕಾದಲ್ಲಿ ಗಡುಸಾದ ಮೇಪಲ್ ಮರವೂ ನೆಲೆಗೊಂಡಿವೆ. ಆ್ಯಶ್ ಮರದಲ್ಲಿ ವರ್ಷದ ಮೊದಲ ಬೆಳವಣಿಗೆಯ ರಂಧ್ರಗಳು ದೊಡ್ಡವಾಗಿ ಸಾಲುಗಟ್ಟಿರುವುದರಿಂದ, ಕೋಲನ್ನು ಮೊನಚಾಗಿ ಹೆರೆದಾಗ ಅವು ಬಾಣದ ಮೊನೆಗಳಂತೆ ಒಂದರ ಹಿಂದೊಂದು ಕಪ್ಪುಗೆರೆಗಳಾಗಿ ತೋರುತ್ತವೆ. ಆಟಗಾರನು ಈ ಬಾಣಗಳನ್ನು ಮೇಲ್ಮುಖವಾಗಿ ಇಟ್ಟುಕೊಂಡು ಪ್ರತಿಸಲವೂ ಕೋಲನ್ನು ಒಂದೇ ಬಗೆಯಾಗಿ ಹಿಡಿಯುತ್ತಾನೆ. ಸೌಂದರ್ಯಕ್ಕಾಗಿ ಹೊಗಳುವ ಗೆರೆಗಳಿಗೆ ಹೀಗೆ ಒಂದು ಉಪಯೋಗವೂ ಇದೆ. ಮೇಪಲ್ಲಿನ ರಂಧ್ರಗಳು ಸೂಕ್ಷ್ಮವಾಗಿ ಸಮನಾಗಿ ಹರಡಿರುವುದರಿಂದ ಅದರ ಮೈ ನುಣುಪು. ಎಡಗೈಯ ಬೆರಳುಗಳನ್ನು ಉಂಗುರದಂತೆ ಬಳಸಿ ಅದರೊಳಗೆ ಕೋಲನ್ನು ಓಡಿಸುವ ಪೂಲ್ ಆಟಗಾರರಿಗೆ ಈ ನುಣುಪು ಬೇಕು. ಸ್ನೂಕರಿನಲ್ಲಿ ಕೋಲು ತೆರೆದ ಬೆರಳುಗಳ ಸಂದಿನಲ್ಲಿ ಒರಗಿ ಹರಿಯುವುದರಿಂದ ಆ್ಯಶ್ ಮರದ ಒರಟು ಅಷ್ಟಾಗಿ ಬಾಧಿಸದು. ದೇಶಭೇದದಿಂದ ಬಂದುದೆಂದು ಕಾಣುವ ರುಚಿಯು ಬಹುಮಟ್ಟಿಗೆ ಬೆರಳಿನ ಭೇದದಿಂದ ಬಂದುದಾಗಿರುತ್ತದೆ. ತುದಿಯ ಅಳತೆಯೂ ಹೀಗೆಯೇ: ಪೂಲ್ ಕೋಲಿಗೆ 12ರಿಂದ 13 ಮಿಲಿಮೀಟರು, ಚಿಕ್ಕ ಚೆಂಡಿನ ಸ್ನೂಕರ್ ಕೋಲಿಗೆ 9ರಿಂದ 10 ಮಿಲಿಮೀಟರು.

ಕುಶಲಕರ್ಮಿಯು ಮೊದಲು ನೋಡುವುದು ಮರದ ಎಳೆ ನೇರವಾಗಿದೆಯೇ ಎಂಬುದನ್ನು. ಚಳಿದೇಶದಲ್ಲಿ ನಿಧಾನವಾಗಿ ಬೆಳೆದು ಬಳೆಗಳು ಒತ್ತಾಗಿರುವ ಮೇಪಲ್ಲಿಗೆ ಬೆಲೆ ಹೆಚ್ಚು. ಅದನ್ನು ಒಂದೇ ಸಲಕ್ಕೆ ಅಂತಿಮ ಗಾತ್ರಕ್ಕೆ ಕಡೆಯುವುದಿಲ್ಲ. ಸ್ವಲ್ಪ ಕಡೆದು ತಿಂಗಳುಗಟ್ಟಲೆ ತೂಗುಹಾಕಿ, ಸೊಟ್ಟಗಾದವನ್ನು ಬೇರ್ಪಡಿಸಿ, ಉಳಿದವನ್ನು ಮತ್ತೆ ಕಡೆಯುವರು. ಬುಡಕ್ಕೆ ಭಾರವಾದ ಮರಗಳು ಬೇಕು. ಅವುಗಳಲ್ಲಿ ಕರಿಮರವೂ, ಕನ್ನಡನಾಡಿನ ಮಲೆಗಳಲ್ಲಿ ಬೆಳೆಯುವ ಬೀಟೆಯೂ ಸೇರಿವೆ. ಸ್ನೂಕರಿನ ಜನ್ಮಭೂಮಿಯೂ ಭಾರತವೇ: 1875ರಲ್ಲಿ ಜಬ್ಬಲ್ಪುರದ ಸೈನ್ಯದ ಭೋಜನಶಾಲೆಯಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿಯು ಅದನ್ನು ಆರಂಭಿಸಿದನು; ಮೈಸೂರು ಸೀಮೆಯ ನೆರೆಯ ಉದಕಮಂಡಲದ ಕ್ಲಬ್ಬಿನಲ್ಲಿ ಅದರ ನಿಯಮಗಳು ರೂಪುಗೊಂಡವು. ಮಳೆಗಾಲದ ತೇವವು ಕೋಲನ್ನು ಬಗ್ಗಿಸುವುದರಿಂದ, ಕೈಗೆತ್ತಿಕೊಂಡ ಕೋಲನ್ನು ಮೇಜಿನ ಮೇಲೆ ಉರುಳಿಸಿ ನೇರವೋ ಅಲ್ಲವೋ ಎಂದು ನೋಡುವುದು ನಮ್ಮ ಹವೆಯಲ್ಲಿ ವಿಶೇಷವಾಗಿ ಅವಶ್ಯಕ.

ಇನ್ನು ಸ್ಪರ್ಶದ ವಿಚಾರ. ಅಮೆರಿಕಾದ ಜಾರ್ಜ್ ಬಾಲಬುಷ್ಕಾ (1912–1975) 1959ರಿಂದ ಮಾಡಿದ ಕೋಲುಗಳ 'ಹೊಡೆತ'ವನ್ನು ಆಟಗಾರರು ಅಸಮಾನವೆಂದು ಕೊಂಡಾಡಿದರು. 1986ರ ಒಂದು ಚಲಚ್ಚಿತ್ರದಲ್ಲಿ ಬಾಲಬುಷ್ಕಾನ ಕೋಲೆಂದು ತೋರಿಸಿದ್ದು ನಿಜವಾಗಿ ಬೇರೊಂದು ಕಾರ್ಖಾನೆಯ ಕೋಲು. ನೋಡಿದವರಲ್ಲಿ ಬಹುಜನರು ಅದನ್ನೇ ಬಯಸಿದರು! ಹೆಸರಿನ ಪ್ರಭಾವವು ಕೈಯ ತೀರ್ಮಾನದೊಳಗೆ ಎಷ್ಟರಮಟ್ಟಿಗೆ ಬೆರೆಯಬಹುದೆಂಬುದಕ್ಕೆ ಇದು ನಿದರ್ಶನ.

ಇಂಗ್ಲೆಂಡಿನ ಜಾನ್ ಸ್ಪೆನ್ಸರನ ಪ್ರಸಂಗವು ಇನ್ನೂ ಗಮನಾರ್ಹವಾದುದು. ಆತನ ಹಳೆಯ ಕೋಲು 1974ರಲ್ಲಿ ಮೋಟಾರು ಅಪಘಾತದಲ್ಲಿ ತುಂಡುತುಂಡಾಯಿತು. ಅದನ್ನು ಕೂಡಿಸಿ ಅಂಟಿಸಿಕೊಂಡು ಆತನು ಆಡಿ ಗೆದ್ದನು. ತರುವಾಯ 1977ರಲ್ಲಿ, ಕೈಗೆ ಬಂದು ಬಹುಕಾಲವಾಗದಿದ್ದ ಎರಡು ತುಂಡಿನ ಕೋಲಿನಿಂದ ಸ್ನೂಕರಿನ ವಿಶ್ವಪದವಿಯನ್ನು ಪಡೆದನು. ಎರಡು ತುಂಡಿನ ಕೋಲಿನಿಂದ ಆ ಪದವಿಯು ದೊರೆತುದು ಅದೇ ಮೊದಲು. ಸ್ಟೀಫನ್ ಹೆಂಡ್ರಿಯಾದರೋ ಎಳೆಯ ವಯಸ್ಸಿನಿಂದ ಆಡಿದ ಅಗ್ಗದ ಕೋಲನ್ನು 2003ರಲ್ಲಿ ವಿಮಾನಯಾನದ ಕಾಲದಲ್ಲಿ ಮುರಿದುಕೊಂಡನು. ಅಲ್ಲಿಂದಾಚೆಗೆ ವಿಶ್ವಪದವಿಯು ಆತನಿಗೆ ದೊರೆಯಲಿಲ್ಲ. ಇದರಿಂದ ಕೋಲೇ ಸರ್ವಸ್ವವೆಂದು ಕೆಲವರು ಊಹಿಸಬಹುದು. ಆದರೆ ಆತನ ಏಳನೆಯ ಹಾಗೂ ಕಡೆಯ ವಿಶ್ವವಿಜಯವು 1999ರದು, ಎಂದರೆ ಕೋಲು ಮುರಿಯುವುದಕ್ಕೆ ನಾಲ್ಕು ವರ್ಷ ಮೊದಲಿನದು. ಊಹೆಗೆ ಕಾಲಕ್ರಮವು ಒಪ್ಪುವುದಿಲ್ಲ.

ಗಣಿತಜ್ಞರ ಪಕ್ಷವು ಫ್ರಾನ್ಸಿನ ಕೊರಿಯೊಲಿಸನು 1835ರಲ್ಲಿ ಈ ಆಟವನ್ನು ಕುರಿತು ಬರೆದ ಗ್ರಂಥದಿಂದ ಆರಂಭವಾಗುತ್ತದೆ. ತುದಿಯು ಚೆಂಡನ್ನು ಮುಟ್ಟಿಕೊಂಡಿರುವುದು ಒಂದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಅಷ್ಟರಲ್ಲಿ ಅಡ್ಡಕಂಪನವು ಶಾಫ್ಟಿನ ಮುಂದಿನ ಸ್ವಲ್ಪ ಭಾಗವನ್ನು ಮಾತ್ರ ಹಾಯಬಲ್ಲುದು; ಕೈಗೆ ಅದು ತಲಪುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಪಕ್ಕಕ್ಕೆ ಹೊಡೆದ ಚೆಂಡು ಕೋಲಿನ ನೇರವನ್ನು ಬಿಟ್ಟು ಎದುರು ಮಗ್ಗುಲಿಗೆ ಕೊಂಚ ಸರಿಯುವುದುಂಟು. ಈ ಸರಿಯುವಿಕೆಗೆ ಮುಖ್ಯ ಕಾರಣವು ಮರದ ಜಾತಿಯಲ್ಲ, ತುದಿಯ ಬಳಿಯ ಆ ಕೆಲವು ಅಂಗುಲಗಳ ಭಾರವೆಂದು ಅಮೆರಿಕಾದ ರಾನ್ ಶೆಪರ್ಡನು 2001ರ ಲೇಖನದಲ್ಲಿ ವಿವರಿಸಿದನು. 1994ರಲ್ಲಿ ಸ್ಥಾಪಿತವಾದ ಪ್ರಿಡೇಟರ್ ಕಂಪೆನಿಯು ಮೇಪಲ್ಲಿನ ಹಲವು ಹೋಳುಗಳನ್ನು ಸುತ್ತಲೂ ಕೂಡಿಸಿ, ಮುಂಭಾಗವನ್ನು ಟೊಳ್ಳು ಮಾಡಿ, ಈ ತತ್ತ್ವವನ್ನು ವ್ಯಾಪಾರಕ್ಕೆ ತಂದಿತು.

ಹಾಗಾದರೆ ಸ್ಪರ್ಶವು ಭ್ರಮೆಯೇ? ಅಷ್ಟು ಬೇಗ ಹೇಳಲಾಗದು. ತಡವಾಗಿ ಬರುವ ಕಂಪನವು ನಡೆದುಹೋದ ಹೊಡೆತವನ್ನು ತಿದ್ದಲಾರದು, ನಿಜ. ಆದರೆ ತುದಿಯು ಎಲ್ಲಿ ತಗುಲಿತು, ಎಷ್ಟು ಬಲವಾಗಿ ತಗುಲಿತು ಎಂಬ ವರದಿಯನ್ನು ಅದು ಕೈಗೆ ಒಪ್ಪಿಸುತ್ತದೆ. ಮುಂದಿನ ಹೊಡೆತವು ಆ ವರದಿಯಿಂದ ತಿದ್ದಿಕೊಳ್ಳುತ್ತದೆ. ಒಂದೊಂದು ಶಾಫ್ಟಿನ ವರದಿಯ ಭಾಷೆಯು ಒಂದೊಂದು ಬಗೆ. ಆ ಭಾಷೆಯನ್ನು ಕಲಿತ ಕೈಗೆ ಹೊಸ ಶಾಫ್ಟು ಪರದೇಶವೆನಿಸುವುದು ಸಹಜವೇ. ಸ್ಪೆನ್ಸರನು ಅದನ್ನು ಅಲ್ಪಕಾಲದಲ್ಲಿಯೇ ಕಲಿತನು; ಎಲ್ಲರಿಂದಲೂ ಆಗುವುದಿಲ್ಲ.

ಈಚೆಗೆ ಮರಕ್ಕೇ ಸಂಕಟವು ಒದಗಿದೆ. ಅಮೆರಿಕಾದಲ್ಲಿ 2002ರಲ್ಲಿ ಕಂಡ ಕೀಟವೊಂದು, ಬ್ರಿಟನ್ನಿನಲ್ಲಿ 2012ರಲ್ಲಿ ಕಂಡ ಬೂಷ್ಟುರೋಗವೊಂದು ಆ್ಯಶ್ ಮರಗಳನ್ನು ಅಪಾರವಾಗಿ ನಾಶಮಾಡಿವೆ. 2017ರಿಂದ ಬೀಟೆಯ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಯಂತ್ರಣವು ಬಂದಿದೆ. 2016ರಲ್ಲಿ ಮೇಲೆ ಹೇಳಿದ ಕಂಪೆನಿಯೇ ಇಂಗಾಲದ ಎಳೆಗಳಿಂದ ಮಾಡಿದ ಶಾಫ್ಟನ್ನು ಹೊರತಂದಿತು. ಅದು ಹಗುರ, ತೇವಕ್ಕೆ ಬಗ್ಗದು, ಬಟ್ಟೆಯಿಂದ ಒರಸಿದರೆ ಶುಭ್ರವಾಗುವುದು. ಆದರೆ ಟೊಳ್ಳಾದ ಇಂಗಾಲದ ನಳಿಕೆಯ ದನಿ ಮರದ ದನಿಯಲ್ಲ. ಅದು ಕೈಗೂ ಕಿವಿಗೂ ಒಗ್ಗದೆಂದು ತಯಾರಕರಲ್ಲಿ ಹಲವರು ನಳಿಕೆಯ ಒಳಗೆ ನೊರೆಯಂಥ ಹಗುರವಾದ ವಸ್ತುವನ್ನು ತುಂಬಿ, ಚೆಂಡಿನ ಓಟಕ್ಕೆ ಸಂಬಂಧವಿಲ್ಲದ ಆ ದನಿಯನ್ನು ಮರದ ದನಿಗೆ ಹತ್ತಿರ ತರಲು ಶ್ರಮಿಸುತ್ತಿದ್ದಾರೆ.