ಫ್ರೇಸಲ್ ವರ್ಬ್ ಮತ್ತು ಭೂತಕಾಲದ ಕ್ರಿಯಾಸರಣಿ

ಫ್ರೇಸಲ್ ವರ್ಬ್ ಎಂಬುದು ಇಂಗ್ಲಿಷ್ ಭಾಷೆಯಲ್ಲಿ ಒಂದು ಕ್ರಿಯಾಪದವೂ ಅಪ್, ಆಫ್, ಆನ್, ಔಟ್ ಮೊದಲಾದ ಕಿರುಪದವೂ ಕೂಡಿ ಒಂದೇ ಅರ್ಥವನ್ನು ಕೊಡುವ ಪದಗುಚ್ಛ. ಗೆಟ್ ಅಪ್ ಎಂದರೆ ಏಳು, ಸೆಟ್ ಆಫ್ ಎಂದರೆ ಹೊರಡು, ಪುಟ್ ಆಫ್ ಎಂದರೆ ಮುಂದೂಡು. ಒಂದರ ಹಿಂದೆ ಒಂದು ನಡೆದ ಕಾರ್ಯಗಳನ್ನು ಇಂತಹ ಗುಚ್ಛಗಳಿಂದ ಹೇಳುವಾಗ ಕನ್ನಡ ಭಾಷಿಕರು ಮಾಡುವ ತಪ್ಪುಗಳಲ್ಲಿ ಹಲವು ಕನ್ನಡದ ಕ್ರಿಯಾನ್ಯೂನ ರಚನೆಯಿಂದ ಹುಟ್ಟುತ್ತವೆ.

ಹೆಸರು ಮತ್ತು ಸ್ವರೂಪ

ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಈ ಬಗೆಯ ಕೂಡುಪದಗಳು ಪರಭಾಷಿಕರಿಗೆ ಬಹಳ ಕಷ್ಟ ಕೊಡುತ್ತವೆ ಎಂದು ಗುರುತಿಸಿದ್ದನು. ಫ್ರೇಸಲ್ ವರ್ಬ್ ಎಂಬ ಹೆಸರು ಬಳಕೆಗೆ ಬಂದುದು ಲೋಗನ್ ಪಿಯರ್ಸಲ್ ಸ್ಮಿತ್ ಅವರ 1925ರ ಪುಸ್ತಕದಿಂದ. ಗುಚ್ಛದಲ್ಲಿ ಕಾಲಸೂಚನೆ ಬೀಳುವುದು ಕ್ರಿಯಾಪದದ ಮೇಲೆ ಮಾತ್ರ, ಕಿರುಪದ ಬದಲಾಗುವುದಿಲ್ಲ. ಗೆಟ್ ಅಪ್ ಎಂಬುದು ಗಾಟ್ ಅಪ್ ಆಗುತ್ತದೆ, ಟೇಕ್ ಆಫ್ ಎಂಬುದು ಟುಕ್ ಆಫ್ ಆಗುತ್ತದೆ. ಪುಟ್ ಮತ್ತು ಸೆಟ್ ಕ್ರಿಯಾಪದಗಳಿಗೆ ಭೂತಕಾಲದಲ್ಲಿ ಬೇರೆ ರೂಪವೇ ಇಲ್ಲದಿರುವುದರಿಂದ ಅವು ಯಾವ ಕಾಲದಲ್ಲಿವೆ ಎಂಬುದನ್ನು ಹಲವು ಕಡೆ ಸಂದರ್ಭದಿಂದ ತಿಳಿಯಬೇಕಾಗುತ್ತದೆ.

ಕನ್ನಡದ ಕ್ರಿಯಾನ್ಯೂನ

‘ಅವನು ಎದ್ದು, ಅಂಗಿ ಹಾಕಿಕೊಂಡು, ಮನೆಯಿಂದ ಹೊರಟನು’ ಎಂಬ ವಾಕ್ಯದಲ್ಲಿ ಕಾರ್ಯಗಳು ಮೂರು, ಪೂರ್ಣ ಕ್ರಿಯಾಪದ ಒಂದೇ. ಎದ್ದು, ಹಾಕಿಕೊಂಡು ಎಂಬ ರೂಪಗಳನ್ನು ವ್ಯಾಕರಣಕಾರರು ಕ್ರಿಯಾನ್ಯೂನವೆಂದೂ, ಶಾಲಾ ವ್ಯಾಕರಣಗಳು ಕೃದಂತಾವ್ಯಯವೆಂದೂ ಕರೆಯುತ್ತವೆ. ಬಂದು–ಬಂದನು, ಎದ್ದು–ಎದ್ದನು, ಮಾಡಿ–ಮಾಡಿದನು ಎಂಬ ಜೋಡಿಗಳನ್ನು ನೋಡಿದರೆ ಅವು ಭೂತಕಾಲದ ಧಾತುರೂಪದಿಂದಲೇ ಬಂದವೆಂಬುದು ಸ್ಪಷ್ಟ. ಆದರೆ ಅವು ಸೂಚಿಸುವುದು ಕಳೆದ ಕಾಲವನ್ನಲ್ಲ, ಮುಂದಿನ ಕಾರ್ಯಕ್ಕಿಂತ ಮೊದಲು ನಡೆಯುವುದನ್ನು ಮಾತ್ರ. ‘ನಾಳೆ ಬೇಗ ಎದ್ದು ಬರುತ್ತಾನೆ’ ಎಂಬಲ್ಲಿ ಎದ್ದು ಎಂಬುದು ಭವಿಷ್ಯದ ಮಾತು. ಕಾಲ, ಲಿಂಗ, ವಚನಗಳ ಹೊರೆಯನ್ನೆಲ್ಲ ಕೊನೆಯ ಕ್ರಿಯಾಪದವೊಂದೇ ಹೊರುತ್ತದೆ. ಕನ್ನಡದ ವಾಕ್ಯವನ್ನು ಕೊನೆಯವರೆಗೂ ಕೇಳದೆ ಕಾಲ ತಿಳಿಯದು.

ತುಳು ಮತ್ತು ಕೊಂಕಣಿಗಳಲ್ಲಿಯೂ ಇದೇ ಬಗೆಯ ರಚನೆ ಇದೆ. ಇದು ಭಾರತದ ಹಲವು ಭಾಷಾಕುಟುಂಬಗಳಿಗೆ ಸಾಮಾನ್ಯವಾದ ಲಕ್ಷಣವೆಂಬುದನ್ನು ಕಾಲಿನ್ ಮಸಿಕಾ 1976ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಆದುದರಿಂದ ಮನೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಮಂಗಳೂರಿನ ವಿದ್ಯಾರ್ಥಿಗೆ ಈ ವಿಷಯದಲ್ಲಿ ಮೂರು ಭಾಷೆಗಳೂ ಒಂದೇ ಅಭ್ಯಾಸವನ್ನು ಕಲಿಸಿರುತ್ತವೆ.

ಬಲ್ಮಠದ ಸಂಬಂಧ

ಕನ್ನಡದ ಕ್ರಿಯಾರೂಪಗಳನ್ನು ಇಂಗ್ಲಿಷಿನಲ್ಲಿ ವಿವರಿಸುವ ಕೆಲಸಕ್ಕೆ ಮಂಗಳೂರಿನ ಬಲ್ಮಠದೊಡನೆ ಹಳೆಯ ನಂಟಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಬಲ್ಮಠದಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದುದು ಈ ಮುದ್ರಣಾಲಯದಿಂದಲೇ. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ 1872ರಲ್ಲಿ ಪ್ರಕಟಿಸಿದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿಯೂ, ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣ 1903ರಲ್ಲಿಯೂ ಮಂಗಳೂರಿನಲ್ಲಿ ಪ್ರಕಟವಾದವು. ಅದೇ ವರ್ಷ ಕಿಟ್ಟೆಲ್ ಜರ್ಮನಿಯಲ್ಲಿ ತೀರಿಕೊಂಡರು. ಇಂಗ್ಲಿಷ್ ಅವರಿಗೂ ಕಲಿತ ಭಾಷೆಯಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಇಂಗ್ಲಿಷಿಗೆ ತರುವಾಗ

ಮೇಲಿನ ಕನ್ನಡ ವಾಕ್ಯ ಇಂಗ್ಲಿಷಿನಲ್ಲಿ ‘ಹೀ ಗಾಟ್ ಅಪ್, ಪುಟ್ ಆನ್ ಹಿಸ್ ಶರ್ಟ್ ಅಂಡ್ ಸೆಟ್ ಆಫ್’ ಎಂದಾಗುತ್ತದೆ. ಮೂರು ಕ್ರಿಯಾಪದಗಳೂ ಭೂತಕಾಲದಲ್ಲಿರಬೇಕು. ಕನ್ನಡದ ಅಭ್ಯಾಸದಿಂದ ಒಂದೇ ಕ್ರಿಯಾಪದಕ್ಕೆ ಕಾಲವನ್ನು ಕೊಟ್ಟು ಉಳಿದವನ್ನು ಹಾಗೆಯೇ ಬಿಡುವುದರಿಂದ ‘ಹೀ ಗಾಟ್ ಅಪ್ ಅಂಡ್ ಗೋ ಔಟ್’ ಎಂಬಂತಹ ವಾಕ್ಯಗಳು ಉಂಟಾಗುತ್ತವೆ. ಎರಡನೆಯದೂ ವೆಂಟ್ ಔಟ್ ಎಂದೇ ಆಗಬೇಕು.

ಇದಕ್ಕೆ ಪರಿಹಾರವೆಂದು ಪ್ರತಿಯೊಂದು ಕ್ರಿಯಾನ್ಯೂನಕ್ಕೂ ‘ಹ್ಯಾವಿಂಗ್’ ಸೇರಿಸಿ ಭಾಷಾಂತರಿಸುವ ಪದ್ಧತಿಯೂ ಕೆಲವೆಡೆ ಇದೆ. ‘ಹ್ಯಾವಿಂಗ್ ಗಾಟ್ ಅಪ್’ ತಪ್ಪಲ್ಲ. ಆದರೆ ಒಂದೇ ವಾಕ್ಯದಲ್ಲಿ ಮೂರು ಬಾರಿ ಬಂದರೆ ಆ ಇಂಗ್ಲಿಷನ್ನು ಯಾರೂ ಆಡುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕು ಕರ್ತೃವಿನದು. ‘ಮಳೆ ಬಂದು ಹೊಳೆ ತುಂಬಿತು’ ಎಂಬುದು ಒಳ್ಳೆಯ ಕನ್ನಡ. ಬಂದದ್ದು ಮಳೆ, ತುಂಬಿದ್ದು ಹೊಳೆ. ಕಾರಣ–ಕಾರ್ಯ ಸಂಬಂಧವಿರುವುದರಿಂದ ಎರಡು ಕರ್ತೃಗಳಿದ್ದರೂ ವಾಕ್ಯ ಸರಾಗವಾಗಿದೆ. ಇದನ್ನೇ ‘ಹ್ಯಾವಿಂಗ್ ರೇನ್ಡ್, ದ ರಿವರ್ ಫಿಲ್ಡ್ ಅಪ್’ ಎಂದರೆ ಹೊಳೆಯೇ ಮಳೆ ಸುರಿಸಿದಂತಾಗುತ್ತದೆ. ‘ಇಟ್ ರೇನ್ಡ್ ಅಂಡ್ ದ ರಿವರ್ ಫಿಲ್ಡ್ ಅಪ್’ ಎಂದು ಎರಡು ವಾಕ್ಯಗಳಾಗಿ ಬಿಡಿಸುವುದೇ ಸರಿ.

ಕರ್ಮ ಸರ್ವನಾಮವಾಗಿದ್ದಾಗ ಅದರ ಸ್ಥಾನವನ್ನೂ ಗಮನಿಸಬೇಕು. ‘ಟುಕ್ ಆಫ್ ಹಿಸ್ ಶೂಸ್’ ಎನ್ನಬಹುದು, ಆದರೆ ‘ಟುಕ್ ಆಫ್ ದೆಮ್’ ಎನ್ನಲಾಗದು. ‘ಟುಕ್ ದೆಮ್ ಆಫ್’ ಎಂದು ಸರ್ವನಾಮ ನಡುವೆ ಬರಬೇಕು. ಲುಕ್ ಆಫ್ಟರ್ ಮೊದಲಾದ ಗುಚ್ಛಗಳು ಹೀಗೆ ಬಿಡಿಬಿಡಿಯಾಗುವುದಿಲ್ಲ. ಯಾವುದು ಬಿಡಿಯಾಗುತ್ತದೆ ಎಂಬುದನ್ನು ನಿಘಂಟಿನಲ್ಲಿ ನೋಡಿಕೊಳ್ಳುವುದು ಕ್ಷೇಮ.

ಕಿರುಪದ ಮತ್ತು ಸಹಾಯಕ ಕ್ರಿಯಾಪದ

ತಿಂದುಬಿಟ್ಟನು, ತೆಗೆದುಹಾಕಿದನು, ಬಿಟ್ಟುಕೊಟ್ಟನು ಎಂಬಲ್ಲಿ ಬಿಡು, ಹಾಕು, ಕೊಡು ಧಾತುಗಳು ತಮ್ಮ ಮೂಲ ಅರ್ಥವನ್ನು ಬಿಟ್ಟು ಹಿಂದಿನ ಕ್ರಿಯೆಗೆ ಬಣ್ಣ ಕೊಡುತ್ತವೆ. ಇಂಗ್ಲಿಷಿನ ಕಿರುಪದಗಳು ಮಾಡುವುದೂ ಬಹುಮಟ್ಟಿಗೆ ಇದನ್ನೇ: ‘ಏಟ್ ಅಪ್’ ಎಂದರೆ ತಿಂದುಬಿಟ್ಟನು. ಆದುದರಿಂದ ಇಂತಹ ಕಡೆ ಎರಡು ಧಾತುಗಳಿವೆಯೆಂದು ಎರಡು ಕಾರ್ಯಗಳಾಗಿ ಭಾಷಾಂತರಿಸಬಾರದು. ‘ಕೊಡೆ ಹಿಡಿದುಕೊಂಡು ಬಂದನು’ ಎಂಬಲ್ಲಂತೂ ಹಿಡಿಯುವುದು ಮೊದಲು, ಬರುವುದು ಆಮೇಲೆ ಎಂಬ ಅರ್ಥವೇ ಇಲ್ಲ. ಎರಡೂ ಜೊತೆಯಾಗಿ ನಡೆದವು. ಇಂಗ್ಲಿಷಿನಲ್ಲಿ ಕೇಮ್ ವಿತ್ ಎಂದರೆ ಸಾಕು.

ಕ್ರಮ ತಿರುಗಿದಾಗ

ಕಾರ್ಯಗಳನ್ನು ನಡೆದ ಕ್ರಮದಲ್ಲಿಯೇ ಹೇಳುವಾಗ ಸಾಮಾನ್ಯವಾಗಿ ಇಂಗ್ಲಿಷಿನ ಸರಳ ಭೂತಕಾಲ ಸಾಕಾಗುತ್ತದೆ. ಆಮೇಲೆ ನಡೆದದ್ದನ್ನು ಮೊದಲು ಹೇಳಿದರೆ ಹಿಂದಿನ ಕಾರ್ಯಕ್ಕೆ ಹ್ಯಾಡ್ ಬೇಕು. ‘ಅವರು ಬಲ್ಮಠ ತಲಪಿದಾಗ ಬಸ್ಸು ಹೊರಟುಹೋಗಿತ್ತು’ ಎಂಬುದು ‘ವೆನ್ ದೇ ರೀಚ್ಡ್ ಬಲ್ಮಠ, ದ ಬಸ್ ಹ್ಯಾಡ್ ಸೆಟ್ ಆಫ್’ ಎಂದಾಗುತ್ತದೆ. ಹ್ಯಾಡ್ ಬಿಟ್ಟರೆ ಅವರು ತಲಪಿದ ಬಳಿಕ, ಅವರ ಕಣ್ಣೆದುರೇ ಬಸ್ಸು ಹೊರಟಿತು ಎಂಬ ಅರ್ಥ ಬರುತ್ತದೆ.

ನಿಷೇಧದಲ್ಲಿ ಕಾಲವನ್ನು ಡಿಡ್ ಹೊರುವುದರಿಂದ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ: ಡಿಡ್ ನಾಟ್ ಗೆಟ್ ಅಪ್, ಗಾಟ್ ಅಪ್ ಅಲ್ಲ. ‘ಅವನು ಎದ್ದು ಬರಲಿಲ್ಲ’ ಎಂಬ ಕನ್ನಡ ವಾಕ್ಯಕ್ಕೆ ಏಳಲೇ ಇಲ್ಲ ಎಂದೂ, ಎದ್ದರೂ ಬರಲಿಲ್ಲ ಎಂದೂ ಎರಡು ಅರ್ಥಗಳು ಸಾಧ್ಯ. ಎರಡನೆಯ ಅರ್ಥವಿದ್ದಾಗ ‘ಹೀ ಗಾಟ್ ಅಪ್ ಬಟ್ ಡಿಡ್ ನಾಟ್ ಕಮ್’ ಎಂದು ಬಿಡಿಸಿ ಬರೆಯಬೇಕು.